ವೇಷವೋ, ವಾದ್ಯವೋ? ಕ್ಲಾಸಿಕ್ ರಾಕ್‌ನಲ್ಲಿ ನಿಮ್ಮ ಬ್ಯಾಂಡ್ ಹುಡುಕಿಕೊಳ್ಳುವ ಬಗೆ

ಎಪ್ಪತ್ತರ ದಶಕದ ರಾಕ್ ಕೇಳೋಣ ಅಂತ ಹೊರಟವರು ಬೇಗನೆ ಒಂದು ಹಳೇ ಜಗಳದ ನಡುವೆ ಸಿಕ್ಕಿಬೀಳುತ್ತಾರೆ. ಒಬ್ಬ ಗೆಳೆಯ ಕಿಸ್ ಬ್ಯಾಂಡಿನ ವಿಡಿಯೊ ಕಳಿಸುತ್ತಾನೆ. ಮುಖಕ್ಕೆ ಬಣ್ಣ, ಕಾಲಿಗೆ ಎತ್ತರದ ಬೂಟು, ಬಾಯಲ್ಲಿ ಬೆಂಕಿ. ಇನ್ನೊಬ್ಬ ಅದನ್ನು ನೋಡಿ ಮೂಗು ಮುರಿಯುತ್ತಾನೆ. "ಇದೆಲ್ಲ ಸುಮ್ನೆ ಗಿಮಿಕ್. ಸಂಗೀತ ಬೇಕು ಅಂದ್ರೆ ರಷ್ ಕೇಳು, ಆಲ್‌ಮನ್ ಬ್ರದರ್ಸ್ ಕೇಳು" ಅನ್ನುತ್ತಾನೆ. ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಯಾವುದೇ ಬ್ಯಾಂಡಿನ ಬಗ್ಗೆ ನಾನು ಕೇಳಿಕೊಳ್ಳುವುದು ಒಂದೇ: ಆ ವೇಷ, ಆ ಬೆಳಕು, ಆ ಹೊಗೆ ಹಾಡಿಗೆ ಏನು ಕೆಲಸ ಮಾಡಿಕೊಡುತ್ತಿದೆ? ಕರಾವಳಿ, ಮಲೆನಾಡಿನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಯಕ್ಷಗಾನದ ಕಿರೀಟ, ಬಣ್ಣ, ಕುಣಿತ ಎಲ್ಲ ಬಿಟ್ಟು ಕಲಾವಿದರು ಪಂಚೆ ಉಟ್ಟು ಕೂತರೆ ಅದು ತಾಳಮದ್ದಳೆ. ಭಾಗವತರ ಪದ, ಚೆಂಡೆ, ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟರಲ್ಲೇ ಸಭೆಯನ್ನು ಬೆಳಗಿನವರೆಗೆ ಹಿಡಿದಿಡುವವರು ಇದ್ದಾರೆ. ಹಾಗಂತ ವೇಷ ಕಟ್ಟಿದ ಆಟವನ್ನು ಯಾರೂ ಕೀಳು ಅನ್ನುವುದಿಲ್ಲ. ರಾಕ್ ಬ್ಯಾಂಡುಗಳನ್ನೂ ಹೀಗೆ ಎರಡು ಸಲ ನೋಡಬೇಕು. ಒಮ್ಮೆ ವೇಷದೊಂದಿಗೆ, ಒಮ್ಮೆ ವೇಷ ಕಳಚಿ.

ಒಂದೇ ವೇದಿಕೆ, ಎರಡು ದಾರಿ: ಕಿಸ್ ಮತ್ತು ರಷ್

ಇವೆರಡನ್ನು ಅಕ್ಕಪಕ್ಕ ಇಡುವುದಕ್ಕೆ ಕಾರಣ ಇದೆ. ಕೆನಡಾದ ರಷ್ 1974-75ರಲ್ಲಿ ಅಮೆರಿಕದ ಊರೂರು ತಿರುಗುವಾಗ ಎಷ್ಟೋ ಸಲ ಕಿಸ್‌ಗಿಂತ ಮೊದಲು ವೇದಿಕೆ ಹತ್ತುತ್ತಿತ್ತು. ಒಂದೇ ಸಂಜೆ, ಒಂದೇ ಜನ, ಎರಡು ಬೇರೆ ಬೇರೆ ಲೋಕ.

ಕಿಸ್ ಹುಟ್ಟಿದ್ದು 1973ರಲ್ಲಿ, ನ್ಯೂಯಾರ್ಕ್‌ನಲ್ಲಿ. ನಾಲ್ಕು ಜನ, ನಾಲ್ಕು ಪಾತ್ರ. ಪಾಲ್ ಸ್ಟ್ಯಾನ್ಲಿ ಕಣ್ಣಿನ ಮೇಲೆ ನಕ್ಷತ್ರ, ಜೀನ್ ಸಿಮ್ಮನ್ಸ್ ರಾಕ್ಷಸ, ಏಸ್ ಫ್ರೇಲಿ ಅಂತರಿಕ್ಷದಿಂದ ಬಂದವರು, ಪೀಟರ್ ಕ್ರಿಸ್ ಬೆಕ್ಕು. ಸಿಮ್ಮನ್ಸ್ ಬಾಯಿಂದ ನಕಲಿ ರಕ್ತ ಸುರಿಸುತ್ತಿದ್ದರು, ಬೆಂಕಿ ಉಗುಳುತ್ತಿದ್ದರು. ಆ ವರ್ಷದ ಕೊನೆಯ ರಾತ್ರಿ ನ್ಯೂಯಾರ್ಕ್‌ನ ವೇದಿಕೆಯ ಮೇಲೆ ಅವರ ಕೂದಲಿಗೇ ಬೆಂಕಿ ಹತ್ತಿಕೊಂಡಿತ್ತು. ಇಷ್ಟೆಲ್ಲ ಮಾಡಿದರೂ ಮೊದಲ ಮೂರು ಸ್ಟುಡಿಯೊ ಆಲ್ಬಮ್‌ಗಳು ಹೇಳಿಕೊಳ್ಳುವಷ್ಟು ಮಾರಾಟವಾಗಲಿಲ್ಲ. ಇವತ್ತು ಅವನ್ನು ಹಾಕಿ ಕೇಳಿದರೆ ಕಾರಣ ಗೊತ್ತಾಗುತ್ತದೆ. ಹಾಡುಗಳು ಚೆನ್ನಾಗಿವೆ, ರೆಕಾರ್ಡಿಂಗ್ ಸಪ್ಪೆ. ವೇದಿಕೆಯ ಮೇಲಿದ್ದ ಬಿಸಿ ಟೇಪಿಗೆ ಬಂದಿಲ್ಲ.

1975ರಲ್ಲಿ ಬಂದ 'ಅಲೈವ್!' ಎಂಬ ಎರಡು ತಟ್ಟೆಯ (ಗ್ರಾಮಫೋನ್ ರೆಕಾರ್ಡಿನ) ಲೈವ್ ಆಲ್ಬಮ್ ಅವರ ಹಣೆಬರಹ ಬದಲಿಸಿತು. ಸ್ಟುಡಿಯೊದಲ್ಲಿ ಮಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 68ನೇ ಜಾಗದಲ್ಲೇ ನಿಂತಿದ್ದ 'ರಾಕ್ ಆ್ಯಂಡ್ ರೋಲ್ ಆಲ್ ನೈಟ್' ಹಾಡು, ಜನರ ಕೂಗಿನ ಜೊತೆ ಬಂದಾಗ 12ಕ್ಕೆ ಏರಿತು. ಹಾಡು ಅದೇ, ಸುತ್ತಲಿನ ಸದ್ದು ಬೇರೆ. ಇಲ್ಲಿ ಇನ್ನೊಂದು ಮಾತೂ ಹೇಳಬೇಕು. ಆ ಆಲ್ಬಮ್ಮಿನ ಸಾಕಷ್ಟು ಭಾಗವನ್ನು ಆಮೇಲೆ ಸ್ಟುಡಿಯೊದಲ್ಲಿ ತಿದ್ದಿ ಸೇರಿಸಿದ್ದಾರೆ. ಇದು ಈಗ ಗುಟ್ಟೇನಲ್ಲ. ನನಗೆ ಅದರಿಂದ ಬೇಸರವಿಲ್ಲ, ಯಾಕೆಂದರೆ ಕಿಸ್ ಮಾರುತ್ತಿದ್ದುದೇ ಒಂದು ದೊಡ್ಡ ರಾತ್ರಿಯ ಅನುಭವ. ಆ ಅನುಭವ ತಟ್ಟೆಯಲ್ಲಿ ನಿಜವಾಗಿಯೂ ಇದೆ. ಆದರೆ ತಿದ್ದದ ನುಡಿಸಾಣಿಕೆ ಕೇಳಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ವೇಷ ಕಳಚಿದರೆ ಕಿಸ್‌ನಲ್ಲಿ ಏನು ಉಳಿಯುತ್ತದೆ? 1976ರ 'ಡೆಸ್ಟ್ರಾಯರ್' ಆಲ್ಬಮ್ಮಿನಲ್ಲಿ 'ಬೆತ್' ಎಂಬ ಹಾಡಿದೆ. ಪಿಯಾನೊ, ತಂತಿವಾದ್ಯಗಳು, ಡ್ರಮ್ಮರ್ ಪೀಟರ್ ಕ್ರಿಸ್ ಅವರ ಒಡಕು ದನಿ, ಅಷ್ಟೇ. ಬ್ಯಾಂಡಿನ ಉಳಿದ ಮೂವರು ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಇನ್ನೊಂದು ಹಾಡಿನ ಬೆನ್ನಿಗೆ, ತಟ್ಟೆಯ ಹಿಂಬದಿಗೆ ಹಾಕಿದ್ದರು. ಅಮೆರಿಕದ ಪಟ್ಟಿಯಲ್ಲಿ 7ನೇ ಜಾಗಕ್ಕೆ ಹೋಗಿ, ಅಲ್ಲಿ ಆ ಬ್ಯಾಂಡಿನ ಅತಿ ದೊಡ್ಡ ಹಿಟ್ ಆಗಿದ್ದು ಅದೇ. 1983ರಲ್ಲಿ ಬಣ್ಣ ತೆಗೆದರು. 1995ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕೆ ಅಕೂಸ್ಟಿಕ್ ಗಿಟಾರ್ ಹಿಡಿದು ಸ್ಟೂಲಿನ ಮೇಲೆ ಕೂತರು. ಅದನ್ನು ಒಮ್ಮೆ ಕೇಳಿ. ಹಾಡುಗಳ ಕಟ್ಟು ಗಟ್ಟಿ ಇದೆ, ಪಲ್ಲವಿಗಳು ತಲೆಯಿಂದ ಹೋಗುವುದಿಲ್ಲ. ಮೂರ್ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಆಚೆಗೆ ಹುಡುಕಿದರೆ ಮಾತ್ರ ಹೆಚ್ಚೇನೂ ಸಿಗುವುದಿಲ್ಲ.

ಈಗ ರಷ್. ಮೂರೇ ಜನ. ಗೆಡ್ಡಿ ಲೀ ಕೈಯಲ್ಲಿ ಬೇಸ್ ಗಿಟಾರ್, ಎದುರಿಗೆ ಕೀಬೋರ್ಡ್, ಕಾಲ ಕೆಳಗೆ ಬೇಸ್ ಪೆಡಲ್‌ಗಳು, ಜೊತೆಗೆ ಹಾಡುಗಾರಿಕೆಯೂ ಅವರದೇ. ಅಲೆಕ್ಸ್ ಲೈಫ್‌ಸನ್ ಗಿಟಾರ್, ನೀಲ್ ಪಿಯರ್ಟ್ ಡ್ರಮ್ಸ್. 1981ರ 'ಮೂವಿಂಗ್ ಪಿಕ್ಚರ್ಸ್' ಆಲ್ಬಮ್ಮಿನಲ್ಲಿ ಹಾಡುಗಾರಿಕೆ ಇಲ್ಲದ ಒಂದು ತುಣುಕಿದೆ, ಹೆಸರು 'ವೈವೈಜಡ್'. ಅದು ಟೊರೊಂಟೊ ವಿಮಾನ ನಿಲ್ದಾಣದ ಸಂಕೇತ. ಆ ಮೂರು ಅಕ್ಷರಗಳನ್ನು ಮೋರ್ಸ್ ಎಂಬ ಹಳೇ ತಂತಿ ಸಂದೇಶದ ಭಾಷೆಯಲ್ಲಿ ಬಡಿದರೆ ಬರುವ ಲಯದಿಂದಲೇ ತುಣುಕು ಶುರುವಾಗುತ್ತದೆ. ಉದ್ದ, ಗಿಡ್ಡ, ಉದ್ದ, ಉದ್ದ. ಮತ್ತೆ ಅದೇ. ಆಮೇಲೆ ಉದ್ದ, ಉದ್ದ, ಗಿಡ್ಡ, ಗಿಡ್ಡ. ನಾಲ್ಕರ ಎಣಿಕೆಗೆ ಕೂರದ ಈ ಲಯವನ್ನು ಮೂವರೂ ಒಟ್ಟಿಗೆ ಹಿಡಿದು ನಡೆಯುತ್ತಾರೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ, ಎಷ್ಟು ಸಲ ತಪ್ಪುತ್ತದೆ ನೋಡಿ.

ರಷ್ ಆಯ್ದುಕೊಂಡರೆ ಎದುರಾಗುವ ಕಷ್ಟವೂ ಗೊತ್ತಿರಲಿ. ಗೆಡ್ಡಿ ಲೀ ಅವರ ಏರುದನಿ ಎಲ್ಲರಿಗೂ ಒಗ್ಗುವುದಿಲ್ಲ. ಹಾಡುಗಳು ಒಂದೇ ಸಲಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. 1976ರ '2112' ಆಲ್ಬಮ್ಮಿನ ಒಂದು ಇಡೀ ಮಗ್ಗುಲು ಒಂದೇ ಕಥೆ, 20 ನಿಮಿಷ. ಅದರಿಂದ ಶುರು ಮಾಡಬೇಡಿ. 'ಮೂವಿಂಗ್ ಪಿಕ್ಚರ್ಸ್' ಮೊದಲು.

ಮನೆ ತುಂಬ ಜನ ಸೇರಿದಾಗ, ದೂರದ ಪ್ರಯಾಣದಲ್ಲಿ ಎಲ್ಲರೂ ಕೂಗಿ ಹಾಡುವುದಕ್ಕೆ ಕಿಸ್. ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕೂತಾಗ ರಷ್. ಇಲ್ಲಿ ಆಯ್ಕೆ ಅಷ್ಟು ಸರಳ. ಎಲ್ಲ ಕಡೆ ಹಾಗಿಲ್ಲ.

ಒಂದೇ ಬ್ಯಾಂಡ್, ವೇಷ ಇದ್ದಾಗ ಮತ್ತು ಇಲ್ಲದಾಗ: ಜೆನೆಸಿಸ್

ಈ ಇಡೀ ವಿಷಯಕ್ಕೆ ಜೆನೆಸಿಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಈ ಬ್ಯಾಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್ 1972ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ನ ಒಂದು ಕಾರ್ಯಕ್ರಮದ ನಡುವೆ ಒಳಗೆ ಹೋಗಿ, ಹೆಂಡತಿಯ ಕೆಂಪು ಗೌನ್ ಉಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು ಹೊರಬಂದರು. ಜೊತೆಯವರಿಗೂ ಮೊದಲೇ ಹೇಳಿರಲಿಲ್ಲ. ಪತ್ರಿಕೆಗಳು ಬ್ಯಾಂಡಿನ ಕಡೆ ತಿರುಗಿ ನೋಡಿದ್ದು ಆಮೇಲೆಯೇ. ಅಲ್ಲಿಂದ ವೇಷಗಳು ಬೆಳೆಯುತ್ತಾ ಹೋದವು.

ಅದೇ ವರ್ಷದ 'ಫಾಕ್ಸ್‌ಟ್ರಾಟ್' ಆಲ್ಬಮ್ಮಿನಲ್ಲಿ 'ಸಪ್ಪರ್ಸ್ ರೆಡಿ' ಎಂಬ 23 ನಿಮಿಷದ ರಚನೆ ಇದೆ. ಏಳು ಭಾಗ, ಒಂದರಿಂದ ಇನ್ನೊಂದಕ್ಕೆ ಹಾಡಿನ ಭಾವ ಬದಲಾಗುತ್ತಾ ಹೋಗುತ್ತದೆ. ನಡುವೆ ಎಲ್ಲ ಸದ್ದೂ ನಿಂತು, ಹೂವಿನ ಮಾತು ಬರುವ ಜಾಗದಲ್ಲಿ ಗೇಬ್ರಿಯಲ್ ಮುಖದ ಸುತ್ತ ದೊಡ್ಡ ಎಸಳುಗಳ ಹೂವಿನ ಮುಖವಾಡ ತೊಟ್ಟು ಎದ್ದುಬರುತ್ತಿದ್ದರು. ಇದು ಸುಮ್ಮನೆ ಅಲಂಕಾರ ಅಲ್ಲ. ಗಂಭೀರವಾಗಿ ಹೋಗುತ್ತಿದ್ದ ಸಂಗೀತ ಅಲ್ಲಿ ಒಮ್ಮೆಲೇ ಮಕ್ಕಳಾಟಕ್ಕೆ ತಿರುಗುತ್ತದೆ. ಮೊದಲ ಸಲ ಕೇಳುವವರು ಅಲ್ಲಿ ದಾರಿ ತಪ್ಪುತ್ತಾರೆ. ಹೂವು ಕಂಡರೆ ತಪ್ಪುವುದಿಲ್ಲ. ವೇಷ ಹಾಡಿಗೆ ಕೆಲಸ ಮಾಡಿಕೊಡುವುದು ಅಂದರೆ ಹೀಗೆ.

ಎರಡು ವರ್ಷದ ನಂತರ ಅದೇ ವೇಷ ಹಾಡಿಗೆ ಅಡ್ಡ ಬಂತು. 1974ರ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಪ್ರವಾಸದಲ್ಲಿ ಗೇಬ್ರಿಯಲ್ ಮೈತುಂಬ ಗಂಟುಗಳಿರುವ ಒಂದು ರಬ್ಬರ್ ವೇಷ ತೊಡುತ್ತಿದ್ದರು. ಅದರೊಳಗಿಂದ ಮೈಕನ್ನು ಬಾಯಿ ಹತ್ತಿರ ಹಿಡಿಯುವುದೇ ಕಷ್ಟ. ಎಷ್ಟರ ಮಟ್ಟಿಗೆ ಅಂದರೆ, ಆ ಪ್ರವಾಸದ ಒಂದು ರೆಕಾರ್ಡಿಂಗ್ 1998ರಲ್ಲಿ ಹೊರಬಂದಾಗ ಗೇಬ್ರಿಯಲ್ ತಮ್ಮ ಹಾಡುಗಾರಿಕೆಯ ಸಾಕಷ್ಟು ಭಾಗವನ್ನು ಹೊಸದಾಗಿ ಹಾಡಿ ಸೇರಿಸಬೇಕಾಯಿತು. ನೋಡುವವರು ವೇಷ ನೋಡಿದರು. ಹಿಂದೆ ನಿಂತು ನುಡಿಸುತ್ತಿದ್ದ ಟೋನಿ ಬ್ಯಾಂಕ್ಸ್, ಸ್ಟೀವ್ ಹ್ಯಾಕೆಟ್, ಮೈಕ್ ರದರ್‌ಫರ್ಡ್ ಯಾರ ಕಣ್ಣಿಗೂ ಬೀಳಲಿಲ್ಲ.

1975ರಲ್ಲಿ ಗೇಬ್ರಿಯಲ್ ಬ್ಯಾಂಡ್ ಬಿಟ್ಟರು. ಮುಗೀತು ಅಂತ ಎಲ್ಲರೂ ಅಂದುಕೊಂಡರು. ಹೊಸ ಹಾಡುಗಾರರನ್ನು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಡ್ರಮ್ಮರ್ ಫಿಲ್ ಕಾಲಿನ್ಸ್ ಮೈಕ್ ಹಿಡಿದರು. ವೇಷ ಇಲ್ಲ. 1976ರ 'ಎ ಟ್ರಿಕ್ ಆಫ್ ದ ಟೇಲ್' ಬ್ರಿಟನ್ನಿನಲ್ಲಿ 3ನೇ ಜಾಗಕ್ಕೆ ಹೋಯಿತು.

ನಿಮಗೆ ವೇಷ ಬೇಕೋ ವಾದ್ಯ ಬೇಕೋ ಅಂತ ತಿಳಿದುಕೊಳ್ಳಲು ಒಂದು ಸಂಜೆ ಇಟ್ಟುಕೊಳ್ಳಿ. ಮೊದಲು 'ಫಾಕ್ಸ್‌ಟ್ರಾಟ್'ನ 'ಸಪ್ಪರ್ಸ್ ರೆಡಿ' ಕೇಳಿ. ಆಮೇಲೆ 1977ರ 'ಸೆಕೆಂಡ್ಸ್ ಔಟ್' ಲೈವ್ ಆಲ್ಬಮ್ಮಿನಲ್ಲಿ ಕಾಲಿನ್ಸ್ ಹಾಡಿರುವ ಅದೇ ರಚನೆ ಕೇಳಿ. ಗೇಬ್ರಿಯಲ್ ದನಿಯಲ್ಲಿ ನಾಲ್ಕೈದು ಪಾತ್ರಗಳು ಮಾತಾಡುತ್ತವೆ. ಕಣ್ಣು ಮುಚ್ಚಿದರೂ ಮುಖವಾಡ ಕಾಣುತ್ತದೆ. ಕಾಲಿನ್ಸ್ ಹಾಡುವಾಗ ಪಾತ್ರಗಳು ಹಿಂದೆ ಸರಿದು ಸಂಗೀತ ತಾನೇ ಎದ್ದು ನಿಲ್ಲುತ್ತದೆ. ಕೊನೆಯ ಭಾಗದಲ್ಲಿ ಕೀಬೋರ್ಡ್ ಏರುವ ಜಾಗವಂತೂ ಎರಡನೆಯದರಲ್ಲೇ ಹೆಚ್ಚು ಮೈ ಜುಮ್ಮೆನ್ನಿಸುತ್ತದೆ. ಆದರೂ ನನ್ನ ಮತ ಮೊದಲನೆಯದಕ್ಕೆ. ಆ ರಚನೆಗೆ ಒಬ್ಬ ನಟ ಬೇಕು. ನಿಮಗೆ ಎರಡನೆಯದು ಹಿಡಿಸಿದರೆ ನೀವು ವಾದ್ಯದ ಕಡೆಯವರು. ಡೀಪ್ ಪರ್ಪಲ್, ಆಲ್‌ಮನ್ ಬ್ರದರ್ಸ್ ನಿಮಗಾಗಿ ಕಾಯುತ್ತಿದ್ದಾರೆ.

ಕಿಸ್‌ನಲ್ಲಿ ಆಗಿದ್ದು ಇದರ ಉಲ್ಟಾ. ಫ್ರೇಲಿ, ಕ್ರಿಸ್ ಹೊರಹೋದ ಮೇಲೆ ಟಾಮಿ ಥಾಯರ್, ಎರಿಕ್ ಸಿಂಗರ್ ಬಂದು ಅದೇ ಬಣ್ಣ ಬಳಿದುಕೊಂಡರು. ಜನ ಬದಲಾದರು, ವೇಷ ಉಳಿಯಿತು. 2023ರ ಡಿಸೆಂಬರ್ 2ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೆಯ ಕಾರ್ಯಕ್ರಮ ಮುಗಿದಾಗ ಪರದೆಯ ಮೇಲೆ ಬಂದಿದ್ದು ಅವರದೇ ಕಂಪ್ಯೂಟರ್ ರೂಪಗಳು.

ಎರಡೂ ಬೇಕು ಅನ್ನುವವರಿಗೆ

ಕ್ವೀನ್ ಹೆಸರು ಹೇಳದೆ ಮುಂದೆ ಹೋಗಲಾಗುವುದಿಲ್ಲ, ಅಲ್ವಾ? ಜಂಜಿಬಾರ್‌ನಲ್ಲಿ ಹುಟ್ಟಿ, ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಶಾಲೆ ಓದಿದ ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಹುಟ್ಟಾ ರಂಗನಟ. ಗಿಟಾರ್ ನುಡಿಸುವ ಬ್ರಯಾನ್ ಮೇ ಅವರ ಗಿಟಾರ್ ಅಪ್ಪನೂ ಮಗನೂ ಸೇರಿ ಮನೆಯಲ್ಲೇ ಮಾಡಿದ್ದು, ಹಳೆಯ ಅಗ್ಗಿಷ್ಟಿಕೆಯ ಮರದಿಂದ. ಅವರು ಅದನ್ನು ಆರು ಪೆನ್ಸ್ ನಾಣ್ಯದಿಂದ ನುಡಿಸುತ್ತಾರೆ. 1975ರ 'ಬೊಹೀಮಿಯನ್ ರಾಪ್ಸೊಡಿ'ಯ ಆಪೆರಾ ಭಾಗವನ್ನು ಸ್ಟುಡಿಯೊದಲ್ಲಿ ಒಂದರ ಮೇಲೊಂದು ದನಿ ಪೇರಿಸಿ ಕಟ್ಟಿದ್ದರು. ಅಷ್ಟು ದನಿಗಳನ್ನು ನಾಲ್ಕು ಜನ ವೇದಿಕೆಯಲ್ಲಿ ಹಾಡಲು ಸಾಧ್ಯವಿಲ್ಲ. ಅವರು ಏನು ಮಾಡಿದರು ಗೊತ್ತಾ? ಆ ಭಾಗ ಬಂದಾಗ ವೇದಿಕೆ ಬಿಟ್ಟು ಹೋಗುತ್ತಿದ್ದರು. ಟೇಪ್ ಓಡುತ್ತಿತ್ತು, ದೀಪಗಳು ಆಡುತ್ತಿದ್ದವು. ರಾಕ್ ಭಾಗ ಶುರುವಾಗುವ ಕ್ಷಣಕ್ಕೆ ಸರಿಯಾಗಿ ನಾಲ್ವರೂ ಮತ್ತೆ ಹಾಜರ್. ಹಾಡಿದಂತೆ ನಟಿಸುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಅನ್ನುವುದು ನನ್ನ ಅಭಿಪ್ರಾಯ.

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ಕ್ವೀನ್‌ಗೆ ಸಿಕ್ಕಿದ್ದು 20 ನಿಮಿಷ ಚಿಲ್ಲರೆ. ಇನ್ನೂ ಬಿಸಿಲಿತ್ತು. ಅವರ ದೀಪಗಳ ಆಟ ಇಲ್ಲ, ಹೊಗೆ ಇಲ್ಲ, ಕಿರೀಟ ಇಲ್ಲ. ಮರ್ಕ್ಯುರಿ ಬಿಳಿ ಬನಿಯನ್ನಿನಲ್ಲಿದ್ದರು, ಕೈಯಲ್ಲಿ ಅರ್ಧ ಮೈಕ್ ಸ್ಟ್ಯಾಂಡ್. ಆದರೂ ಆ ದಿನದ ಬಗ್ಗೆ ಜನ ಇವತ್ತಿಗೂ ಮಾತಾಡುವುದು ಅವರದನ್ನೇ. ಇಲ್ಲಿ ವೇಷವೂ ವಾದ್ಯವೂ ಒಂದೇ ಮನುಷ್ಯನ ಒಳಗಿತ್ತು. ಅದನ್ನು ಬಿಡಿಸಿ ನೋಡಲು ನನ್ನಿಂದ ಆಗಿಲ್ಲ.

ಪಿಂಕ್ ಫ್ಲಾಯ್ಡ್ ಹಿಡಿದ ದಾರಿ ಬೇರೆ. ಅವರ ಪ್ರದರ್ಶನದಲ್ಲಿ ಅವರ ಮುಖವೇ ಇರುತ್ತಿರಲಿಲ್ಲ. 1980-81ರಲ್ಲಿ ಅವರ 'ದ ವಾಲ್' ಆಲ್ಬಮ್ಮಿನ ಪ್ರದರ್ಶನ ನಡೆದಿದ್ದು ಬರೀ ನಾಲ್ಕು ಊರುಗಳಲ್ಲಿ, 31 ಸಲ. ಶುರುವಿನಲ್ಲಿ ನಾಲ್ಕು ಜನ ಬಂದು ನುಡಿಸುತ್ತಾರೆ. ಪ್ರೇಕ್ಷಕರು ಕೂಗುತ್ತಾರೆ. ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ, ಅವರು ಪಿಂಕ್ ಫ್ಲಾಯ್ಡ್ ಮುಖವಾಡ ಹಾಕಿಕೊಂಡ ಬೇರೆ ಕಲಾವಿದರು. ಹಾಡು ಮುಂದುವರಿದಂತೆ ಬ್ಯಾಂಡಿಗೂ ಜನರಿಗೂ ನಡುವೆ ರಟ್ಟಿನ ಇಟ್ಟಿಗೆಗಳ ಗೋಡೆ ಏಳುತ್ತದೆ. 'ಕಂಫರ್ಟಬ್ಲಿ ನಂಬ್' ಹಾಡಿಗೆ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಆ ಗೋಡೆಯ ತುದಿಯಲ್ಲಿ ಕಾಣಿಸಿಕೊಂಡು ಗಿಟಾರ್ ಸೋಲೊ ನುಡಿಸುತ್ತಿದ್ದರು. ಕಥೆ ಗೋಡೆಯದು, ಪ್ರದರ್ಶನವೂ ಗೋಡೆಯದು. ಪ್ರದರ್ಶನ ಎಷ್ಟು ದುಬಾರಿ ಅಂದರೆ ಬ್ಯಾಂಡಿಗೆ ನಷ್ಟವೇ ಆಯಿತು. ಆ ಹೊತ್ತಿಗೆ ಬ್ಯಾಂಡಿನಿಂದ ಹೊರಬಿದ್ದು ಸಂಬಳಕ್ಕೆ ನುಡಿಸುತ್ತಿದ್ದ ಕೀಬೋರ್ಡ್ ವಾದಕ ರಿಕ್ ರೈಟ್ ಒಬ್ಬರ ಕೈಗೇ ಹಣ ಉಳಿದಿದ್ದು. ವೇಷ ಕಳಚಿದ ಪಿಂಕ್ ಫ್ಲಾಯ್ಡ್ ಬೇಕಾದರೆ 1971ರಲ್ಲಿ ಇಟಲಿಯ ಪೊಂಪೆಯಿಯ ಪಾಳುಬಿದ್ದ ರಂಗಮಂದಿರದಲ್ಲಿ ಚಿತ್ರೀಕರಿಸಿದ್ದನ್ನು ನೋಡಿ. ಹಗಲು, ಕಲ್ಲು, ಸ್ಪೀಕರ್‌ಗಳು. ಪ್ರೇಕ್ಷಕರು ಒಬ್ಬರೂ ಇಲ್ಲ.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ: ಬಾಬ್ ಎಜ್ರಿನ್. ಹಾವು ಸುತ್ತಿಕೊಂಡು, ವೇದಿಕೆಯ ಮೇಲೆ ಗಿಲೊಟಿನ್‌ಗೆ (ತಲೆ ಕಡಿಯುವ ಯಂತ್ರಕ್ಕೆ) ತಲೆಕೊಟ್ಟು ಹೆಸರಾದ ಆಲಿಸ್ ಕೂಪರ್ ಅವರ ಎಪ್ಪತ್ತರ ದಶಕದ ಹಿಟ್ ಆಲ್ಬಮ್‌ಗಳ ನಿರ್ಮಾಪಕರು ಇವರೇ. ಕಿಸ್‌ನ 'ಡೆಸ್ಟ್ರಾಯರ್' ಇವರದು. ಗೇಬ್ರಿಯಲ್ ಜೆನೆಸಿಸ್ ಬಿಟ್ಟ ಮೇಲೆ 1977ರಲ್ಲಿ ಮಾಡಿದ ಮೊದಲ ಆಲ್ಬಮ್ ಇವರದು. 'ದ ವಾಲ್' ನಿರ್ಮಾಪಕರಲ್ಲೂ ಇವರಿದ್ದಾರೆ. ಕೂಪರ್ ಅವರ 'ಸ್ಕೂಲ್ಸ್ ಔಟ್' ಹಾಡಿನಲ್ಲಿ ಮಕ್ಕಳ ದನಿ ಇದೆ, 'ದ ವಾಲ್'ನ ಶಾಲೆಯ ಹಾಡಿನಲ್ಲೂ ಮಕ್ಕಳ ದನಿ ಇದೆ. ವೇದಿಕೆಯ ನಾಟಕವನ್ನು ತಟ್ಟೆಯ ಒಳಗೆ ತರುವುದು ಹೇಗೆ ಅಂತ ಗೊತ್ತಿದ್ದವರು ಇವರು. ವೇಷದ ಬ್ಯಾಂಡುಗಳನ್ನು ಮನೆಯಲ್ಲಿ ಕೂತು ಕೇಳುವವರು ಎಜ್ರಿನ್ ಹೆಸರಿರುವ ಆಲ್ಬಮ್‌ನಿಂದ ಶುರು ಮಾಡಿದರೆ ಮೋಸ ಇಲ್ಲ.

ವಾದ್ಯದವರ ವೇಷ

ಬಣ್ಣ ಬಳಿಯದವರೆಲ್ಲ ಸಂಗೀತಕ್ಕೇ ಮೀಸಲು ಅಂತ ತಿಳಿಯಬೇಡಿ. ಅರ್ಧ ಗಂಟೆ ಒಂದೇ ಡ್ರಮ್ ಸೋಲೊ ಬಾರಿಸುವುದು ಕೂಡ ಪ್ರದರ್ಶನವೇ, ಬೆಂಕಿ ಉಗುಳಿದಷ್ಟೇ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ಬ್ಯಾಂಡಿನ ಕೀತ್ ಎಮರ್ಸನ್ ಹ್ಯಾಮಂಡ್ ಆರ್ಗನ್ ಎಂಬ ಕೀಬೋರ್ಡ್ ವಾದ್ಯಕ್ಕೆ ಚಾಕು ಚುಚ್ಚುತ್ತಿದ್ದರು. ಆದರೆ ಆ ಚಾಕುವಿಗೂ ಒಂದು ಕೆಲಸ ಇತ್ತು. ಕೀಲಿಗಳ ನಡುವೆ ಸಿಕ್ಕಿಸಿದರೆ ಆ ಸ್ವರ ಹಾಗೇ ನಿಲ್ಲುತ್ತದೆ, ಎಮರ್ಸನ್ ಇನ್ನೊಂದು ಕಡೆ ನುಡಿಸಬಹುದು. ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಪಿಟೀಲಿನ ಕಮಾನಿನಿಂದ ಗಿಟಾರ್ ನುಡಿಸುವುದೂ ಹಾಗೇ. ನೋಡಲು ಭರ್ಜರಿ, ಬರುವ ಸದ್ದೂ ಬೇರೆ. ದ ಹೂ ಬ್ಯಾಂಡಿನ ಪೀಟ್ ಟೌನ್‌ಷೆಂಡ್ ಗಿಟಾರ್ ಒಡೆಯುವುದು ನನಗೆ ಅಷ್ಟಕ್ಕಷ್ಟೆ. ಅವರ 1970ರ 'ಲೈವ್ ಎಟ್ ಲೀಡ್ಸ್' ಕೇಳಿದರೆ ಒಡೆಯುವ ಅಗತ್ಯವೇ ಇರಲಿಲ್ಲ ಅನಿಸುತ್ತದೆ.

ತಿದ್ದುಪಡಿ ಇಲ್ಲದ ಶುದ್ಧ ವಾದ್ಯ ಬೇಕು ಅನ್ನುವವರಿಗೆ ಎರಡೇ ಹೆಸರು ಸಾಕು. ಮೊದಲನೆಯದು ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್'. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೊದಲ್ಲಿ ಮೂರು ರಾತ್ರಿ ನುಡಿಸಿದ್ದು, ಆಮೇಲೆ ಏನನ್ನೂ ಸೇರಿಸಿಲ್ಲ. ಅದರಲ್ಲಿ ರಿಚ್ಚಿ ಬ್ಲ್ಯಾಕ್‌ಮೋರ್ ಗಿಟಾರ್‌ನಲ್ಲಿ ಒಂದು ಸಾಲು ನುಡಿಸಿದರೆ ಇಯಾನ್ ಗಿಲ್ಲನ್ ಅದನ್ನೇ ಗಂಟಲಿನಲ್ಲಿ ತೆಗೆಯುವ ಸವಾಲ್-ಜವಾಬ್ ಇದೆ. ನಮ್ಮ ಕಛೇರಿಗಳನ್ನು ಕೇಳಿದ ಕಿವಿಗೆ ಅದು ತಟ್ಟನೆ ಹತ್ತಿರವಾಗುತ್ತದೆ. ಎರಡನೆಯದು ಆಲ್‌ಮನ್ ಬ್ರದರ್ಸ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ್ದು. ಇಬ್ಬರು ಗಿಟಾರ್‌ನವರು, ಇಬ್ಬರು ಡ್ರಮ್ಮರ್‌ಗಳು. ನೋಡಲು ಏನೂ ಇಲ್ಲ, ಕೇಳಲು ಮುಗಿಯುವುದಿಲ್ಲ.

ಟಿಕೆಟ್ ಕೊಳ್ಳುವುದಾದರೆ

ಬೆಂಗಳೂರಿನವರಿಗೆ ಈ ಹೋಲಿಕೆ ಬರೀ ತಟ್ಟೆಗಳ ಮಾತಲ್ಲ. ಅರಮನೆ ಮೈದಾನಕ್ಕೆ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿದ್ದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದಿತ್ತು. ಮೂರು ಗಿಟಾರ್‌ಗಳು, ಓಡಾಡಿಕೊಂಡೇ ಹಾಡುವ ಬ್ರೂಸ್ ಡಿಕಿನ್ಸನ್, ಜೊತೆಗೆ ಆ ಬ್ಯಾಂಡಿನ ಗುರುತೇ ಆಗಿರುವ ಎಡ್ಡಿ ಎಂಬ ದೈತ್ಯ. ಎಡ್ಡಿ ವೇದಿಕೆಗೆ ಬಂದಾಗಲೂ ಗಿಟಾರ್‌ಗಳ ಹೆಣಿಗೆ ಸಡಿಲವಾಗುವುದಿಲ್ಲ. ವೇಷವನ್ನೆಲ್ಲ ಆ ದೈತ್ಯನಿಗೆ ಬಿಟ್ಟು ನುಡಿಸುವವರು ನುಡಿಸುತ್ತಾ ಇರುತ್ತಾರೆ. ಒಳ್ಳೆಯ ಏರ್ಪಾಡು.

ಈಗ ಬರುವ ಹಳೆಯ ಬ್ಯಾಂಡುಗಳಲ್ಲಿ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಟಿಕೆಟ್ ಕೊಳ್ಳುವ ಮೊದಲು ಮೂಲ ಸದಸ್ಯರಲ್ಲಿ ಯಾರು ಉಳಿದಿದ್ದಾರೆ ನೋಡಿಕೊಳ್ಳಿ. ಅದೇ ಪ್ರವಾಸದಲ್ಲಿ ಯಾರಾದರೂ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಹುಡುಕಿ, ಕಂಪನಿಯವರು ಕತ್ತರಿಸಿ ಜೋಡಿಸಿದ ಜಾಹೀರಾತು ಬೇಡ. ಮೊದಲು ಸ್ಕ್ರೀನ್ ನೋಡದೆ ಎರಡು ಹಾಡು ಕೇಳಿ. ದನಿ ಸ್ಥಾಯಿ ಇಳಿಸಿಕೊಂಡಿದ್ದರೆ ಪರವಾಗಿಲ್ಲ, ವಯಸ್ಸಿಗೆ ಅದು ಸಹಜ. ಲಯ ಬಿಗಿಯಾಗಿದೆಯಾ, ಹಾಡುವ ಬಾಯಿಗೂ ಬರುವ ದನಿಗೂ ತಾಳೆ ಇದೆಯಾ, ಅಷ್ಟು ನೋಡಿ. ಅದು ಸರಿ ಇದ್ದು, ದೀಪಗಳ ಆಟವೂ ಇಷ್ಟವಾದರೆ ಹಿಂದಿನ ಸಾಲಿನ ಟಿಕೆಟ್ ಸಾಕು. ಗೋಡೆ, ಪರದೆ, ಬೆಂಕಿ ಎಲ್ಲ ದೂರದಿಂದಲೇ ಚೆನ್ನಾಗಿ ಕಾಣುವುದು. ನುಡಿಸುವ ಬೆರಳುಗಳನ್ನು ನೋಡಬೇಕು ಅನ್ನುವವರು ಮಾತ್ರ ಮುಂದಿನ ಸಾಲಿಗೆ ಜಾಸ್ತಿ ದುಡ್ಡು ಕೊಡಿ.